‘ವೀಕ್ ಆಗಿದೆ’ ಅಂದ್ರೆ ಮಳೆ ನಿಂತಿತು ಅಂತಲ್ಲ!

ಹವಾಮಾನ ವರದಿಯ ಇಂಗ್ಲಿಷ್ ಪದಗಳನ್ನು ನಮ್ಮ ಮನೆಗಳಲ್ಲಿ ಓದಬೇಕಾದ ಬಗೆ

2024ರ ನವೆಂಬರ್ 30, ಶನಿವಾರ ರಾತ್ರಿ ‘ಫೆಂಗಲ್’ ಚಂಡಮಾರುತ ಪುದುಚೇರಿಯ ಹತ್ತಿರ ದಡ ಸೇರಿತು. ಮರುದಿನ ಭಾನುವಾರ ನೆಲಮಂಗಲದ ನಮ್ಮ ಅಂಗಡಿಯಲ್ಲಿ ಕೂತಿದ್ದಾಗ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬಂತು. ಒಂಬತ್ತನೇ ಕ್ಲಾಸಿನ ಹುಡುಗನ ಕೈಗೆ ಫೋನ್ ಕೊಟ್ಟು, ‘ಎಂತ ಬರೆದಿದ್ದಾರೆ, ನೋಡು’ ಅಂದೆವು. ಅವನು ಓದಿ ಹೇಳಿದ: ‘ಉಪ್ಪಾ, ಸೈಕ್ಲೋನ್ ವೀಕ್ ಆಗಿದೆಯಂತೆ. ಡೀಪ್ ಡಿಪ್ರೆಶನ್ ಆಗಿದೆಯಂತೆ.’

ವೀಕ್ ಆದ ಮೇಲೆ ಇನ್ನೆಂತ ಹೆದರಿಕೆ? ಅಂಗಡಿಯ ಮುಂದೆ ಶೀಟಿನ ಕೆಳಗೆ ಇಳಿಸಿದ್ದ ಈರುಳ್ಳಿ ಮೂಟೆಗಳನ್ನು ಅಲ್ಲೇ ಬಿಟ್ಟು ಶಟರ್ ಎಳೆದು ಮನೆಗೆ ಬಂದೆವು. ರಾತ್ರಿಯಿಡೀ ಬಿಡದೆ ಜಡಿಮಳೆ. ಬೆಳಿಗ್ಗೆ ಹೋಗಿ ನೋಡಿದರೆ ನಾಲ್ಕು ಮೂಟೆ ಅಡಿಯಿಂದ ನೆನೆದು ಹೋಗಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ವಾಸನೆ ಬರಲು ಶುರುವಾಗಿ ಎಸೆಯಬೇಕಾಯಿತು. ಅದೇ ಹೊತ್ತಿಗೆ ಪುತ್ತೂರಿನಿಂದ ಉಮ್ಮನ ಫೋನ್: ‘ಅಲ್ಲಿ ಮಳೆ ಉಂಟಾ? ಇಲ್ಲಿಗೂ ಅಲರ್ಟ್ ಕೊಟ್ಟಿದ್ದಾರಂತೆ. ಹುಷಾರು ಮಾರಾಯ.’

ಆಮೇಲೆ ಯೋಚಿಸಿದರೆ ಮೆಸೇಜಿನಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ನಾವು ಓದಿದ ರೀತಿಯಲ್ಲಿತ್ತು. ಹವಾಮಾನದವರು ‘ವೀಕ್’ ಅಂದದ್ದು ಗಾಳಿಯ ಬಗ್ಗೆ. ನಾವು ಅದನ್ನು ಮಳೆಗೆ ಹಾಕಿಕೊಂಡೆವು.

ಹವಾಮಾನ ವರದಿಯ ಇಂಗ್ಲಿಷ್ ನೋಡಲು ಶಾಲೆಯ ಇಂಗ್ಲಿಷಿನ ಹಾಗೆಯೇ ಇರುತ್ತದೆ, ಅರ್ಥ ಮಾತ್ರ ಬೇರೆ. ಅಲ್ಲಿನ ಒಂದೊಂದು ಪದಕ್ಕೂ ಒಂದು ಅಳತೆ ಉಂಟು. ಕಿಲೋಮೀಟರ್ ಲೆಕ್ಕ, ಮಿಲಿಮೀಟರ್ ಲೆಕ್ಕ, ಶೇಕಡಾ ಲೆಕ್ಕ. ಆ ಅಳತೆ ಗೊತ್ತಿಲ್ಲದಿದ್ದರೆ ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಓದಲು ಬರುತ್ತದೆ, ಅರ್ಥ ಆಗುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲಿ ಅಂಗಡಿ, ಬೇಕರಿ, ಹೋಟೆಲ್ ಅಂತ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ಕಣ್ಣು ಇಲ್ಲಿನ ಆಕಾಶದ ಮೇಲೆ, ಇನ್ನೊಂದು ಕಣ್ಣು ಊರಿನ ಆಕಾಶದ ಮೇಲೆ. ಹಾಗಾಗಿ ಈ ಪದಗಳು ನಮಗೆ ಬೇರೆಯವರಿಗಿಂತ ಎರಡು ಪಟ್ಟು ಬೇಕು.

ಮೊದಲು ಗಾಳಿಯ ಮೆಟ್ಟಿಲು

ಸಮುದ್ರದ ಮೇಲೆ ಒಂದು ಕಡೆ ಗಾಳಿಯ ಒತ್ತಡ ಸುತ್ತಲಿಗಿಂತ ಕಡಿಮೆಯಾದರೆ ಅದು ‘ಲೋ ಪ್ರೆಶರ್ ಏರಿಯಾ’. ಕನ್ನಡದಲ್ಲಿ ಕಡಿಮೆ ಒತ್ತಡದ ಪ್ರದೇಶ. ಅಲ್ಲಿ ಸುತ್ತುವ ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದರೆ ‘ಡಿಪ್ರೆಶನ್’, ಅಂದರೆ ವಾಯುಭಾರ ಕುಸಿತ. 50 ಮುಟ್ಟಿದರೆ ‘ಡೀಪ್ ಡಿಪ್ರೆಶನ್’. 62 ಮುಟ್ಟಿದರೆ ‘ಸೈಕ್ಲೋನಿಕ್ ಸ್ಟಾರ್ಮ್’, ನಮ್ಮ ಮಾತಿನ ಚಂಡಮಾರುತ. 89 ದಾಟಿದರೆ ಅದರ ಮುಂದೆ ‘ಸಿವಿಯರ್’ ಅಂತ ಸೇರುತ್ತದೆ.

ಇದು ಮೆಟ್ಟಿಲಿನ ಹಾಗೆ. ಹತ್ತುವಾಗ ‘ಇಂಟೆನ್ಸಿಫೈಡ್’ ಅಂತ ಬರೆಯುತ್ತಾರೆ, ಇಳಿಯುವಾಗ ‘ವೀಕನ್ಡ್’ ಅಂತ ಬರೆಯುತ್ತಾರೆ. ನೆಲದ ಮೇಲೆ ಬಂದ ಚಂಡಮಾರುತಕ್ಕೆ ಸಮುದ್ರದ ಬಿಸಿ ಮತ್ತು ತೇವ ಸಿಗುವುದಿಲ್ಲ, ಗಾಳಿ ಸೋಲುತ್ತದೆ. ಆದರೆ ಹೊತ್ತು ತಂದ ಮೋಡ ಎಲ್ಲಿಗೆ ಹೋಗಬೇಕು? ಅದು ದಾರಿಯುದ್ದಕ್ಕೂ ಸುರಿಯುತ್ತದೆ. ಫೆಂಗಲ್ ಕೂಡ ಸೋಲುತ್ತಾ ಸೋಲುತ್ತಾ ತಮಿಳುನಾಡಿನ ಮೇಲೆ ಪಶ್ಚಿಮಕ್ಕೆ ಸರಿದು, ಡಿಸೆಂಬರ್ 3ರ ಹೊತ್ತಿಗೆ ನಮ್ಮ ಕರಾವಳಿಯ ಹತ್ತಿರ ಅರಬ್ಬಿ ಸಮುದ್ರಕ್ಕೆ ಇಳಿಯಿತು. ನೆಲಮಂಗಲದಲ್ಲಿ ನಮ್ಮ ಈರುಳ್ಳಿ ನೆನೆಸಿದ ಮೋಡವೇ ಉಮ್ಮನ ಅಂಗಳಕ್ಕೂ ಹೋಗಿತ್ತು.

2021ರ ನವೆಂಬರ್‌ನಲ್ಲಿ ಹೀಗೇ ಆಗಿತ್ತು. ಆ ತಿಂಗಳ 19ರಂದು ಚೆನ್ನೈ ಮತ್ತು ಪುದುಚೇರಿ ನಡುವೆ ದಡ ಹತ್ತಿದ್ದು ಚಂಡಮಾರುತ ಅಲ್ಲ, ಬರೀ ಡಿಪ್ರೆಶನ್. ಹೆಸರು ಸಹ ಇರಲಿಲ್ಲ, ಯಾಕೆಂದರೆ ಹೆಸರಿಡುವುದು ‘ಸೈಕ್ಲೋನಿಕ್ ಸ್ಟಾರ್ಮ್’ ಆದ ಮೇಲೆ ಮಾತ್ರ. ಆದರೂ ಆ ಮಳೆಗೆ ನಮ್ಮ ಭಾಗದ ಕೆರೆಗಳು ಕೋಡಿ ಬಿದ್ದವು. ಬೆಳೆದು ನಿಂತ ರಾಗಿ ಹೊಲದಲ್ಲೇ ಮಲಗಿತು. ಹೆಸರಿಲ್ಲದ್ದು ಸಣ್ಣದು ಅಂತ ತಿಳಿಯಬಾರದು.

ಇನ್ನೆರಡು ಪದ ಇಲ್ಲೇ ಹೇಳಿಬಿಡುತ್ತೇವೆ. ‘ಸೈಕ್ಲೋನಿಕ್ ಸರ್ಕ್ಯುಲೇಶನ್’ ಅಂತ ಓದಿದ ಕೂಡಲೇ ‘ಸೈಕ್ಲೋನ್ ಬಂತು’ ಅಂತ ಗ್ರೂಪಿಗೆ ಹಾಕುವವರು ಇದ್ದಾರೆ. ಅದು ಚಂಡಮಾರುತ ಅಲ್ಲ. ಮೇಲಿನ ಗಾಳಿ ಒಂದು ಕಡೆ ಸುತ್ತುತ್ತಿದೆ ಅಂತ ಮಾತ್ರ ಅದರ ಅರ್ಥ. ಮಳೆಗಾಲದಲ್ಲಿ ವಾರಕ್ಕೊಂದು ಇಂಥದ್ದು ಕಾಣಬಹುದು. ‘ಟ್ರಫ್’ ಅನ್ನುವ ಪದಕ್ಕೆ ಡಿಕ್ಷನರಿಯಲ್ಲಿ ದನಗಳಿಗೆ ನೀರು ಹಾಕುವ ತೊಟ್ಟಿ ಅಂತ ಇರುತ್ತದೆ. ಹವಾಮಾನದ ನಕ್ಷೆಯಲ್ಲಿ ಅದು ಉದ್ದಕ್ಕೆ ಹಬ್ಬಿದ ಕಡಿಮೆ ಒತ್ತಡದ ಪಟ್ಟಿ. ಉದ್ದನೆಯ ತೊಟ್ಟಿಯ ಹಾಗೆ ತಗ್ಗಾಗಿರುವುದರಿಂದ ಆ ಹೆಸರು. ಟ್ರಫ್ ನಮ್ಮ ಮೇಲೆ ಹಾದು ಹೋದರೆ ಮಳೆಗೆ ಅನುಕೂಲ.

‘ಹೆವಿ’ ಅಂದ್ರೆ ಎಷ್ಟು?

ಪೇಪರಿನಲ್ಲಿ ‘ಭಾರಿ ಮಳೆ’ ಅಂತ ಓದುತ್ತೇವೆ. ಎಷ್ಟು ಭಾರಿ? ಹವಾಮಾನ ಇಲಾಖೆಯ ಲೆಕ್ಕ ಹೀಗಿದೆ. ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ತನಕ 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಂದರೆ ‘ಲೈಟ್’. 15.6ರಿಂದ 64.4 ಮಿ.ಮೀ. ಬಂದರೆ ‘ಮಾಡರೇಟ್’. 64.5ರಿಂದ 115.5 ಮಿ.ಮೀ. ‘ಹೆವಿ’. 115.6ರಿಂದ 204.4 ಮಿ.ಮೀ. ‘ವೆರಿ ಹೆವಿ’. ಅದಕ್ಕಿಂತ ಮೇಲಿನದು ‘ಎಕ್ಸ್‌ಟ್ರೀಮ್ಲಿ ಹೆವಿ’.

ಮಿಲಿಮೀಟರ್ ಅಂದರೆ ಸಣ್ಣದು ಅನಿಸುತ್ತದೆ, ಅಲ್ವಾ? ಲೀಟರಿಗೆ ತಿರುಗಿಸಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಂದರೆ ಒಂದು ಲೀಟರ್ ನೀರು. ನಮ್ಮ ಕಡೆಯ 30×40 ಸೈಟ್ ಸುಮಾರು 111 ಚದರ ಮೀಟರ್. ಅದರ ಮೇಲೆ ‘ಹೆವಿ’ ಮಳೆ ಶುರುವಾಗುವ 64.5 ಮಿ.ಮೀ. ಬಿದ್ದರೆ 7,000 ಲೀಟರಿಗಿಂತ ಹೆಚ್ಚು. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ 6,000 ಲೀಟರಿನ ಟ್ಯಾಂಕರ್ ಒಂದನ್ನು ನಿಮ್ಮ ಸೈಟಿಗೆ ಖಾಲಿ ಮಾಡಿದ್ದಕ್ಕಿಂತ ಜಾಸ್ತಿ. ಲೇಔಟಿನಲ್ಲಿ ಇರುವ ಎಲ್ಲ ಸೈಟಿಗೂ ಹೀಗೇ ಬಿದ್ದರೆ ಬೀದಿಯ ಚರಂಡಿ ಎಷ್ಟು ಅಂತ ತಾಳೀತು?

ಇಲ್ಲೇ ಘಟ್ಟದ ಕೆಳಗಿನಿಂದ ಬಂದ ನಾವು ಮೋಸ ಹೋಗುವುದು. ಜುಲೈ ತಿಂಗಳಲ್ಲಿ ಊರಿನಲ್ಲಿ ಒಂದು ದಿನಕ್ಕೆ 100 ಮಿ.ಮೀ. ಬಂದರೆ ಯಾರೂ ಅದನ್ನು ಸುದ್ದಿ ಅಂತ ಹೇಳುವುದಿಲ್ಲ, ಕೊಡೆ ಹಿಡಿದು ಶಾಲೆಗೆ ಹೋಗುತ್ತಾರೆ. ‘ಇಷ್ಟಕ್ಕೆಲ್ಲ ಹೆದರುವುದಾ, ನಾವು ಕರಾವಳಿಯವರು’ ಅನ್ನುವ ಮಾತು ನಮ್ಮ ಕಾಕಂದಿರ ಬಾಯಲ್ಲಿ ಯಾವಾಗಲೂ ಉಂಟು. ಆದರೆ ಊರಿನ ನೆಲ ಇಳಿಜಾರು, ನೀರು ತೋಡು ಹಿಡಿದು ಹೊಳೆಗೆ, ಹೊಳೆಯಿಂದ ಕಡಲಿಗೆ ಓಡುತ್ತದೆ. ಇಲ್ಲಿ ಕಡಲಿಲ್ಲ. ಇಲ್ಲಿನ ನೀರು ಕೆರೆಯಿಂದ ಕೆರೆಗೆ ಹೋಗಬೇಕು. ನಡುವೆ ರಾಜಕಾಲುವೆ ಮುಚ್ಚಿ ಹೋಗಿದ್ದರೆ ಅದು ನಮ್ಮ ಗೋಡೌನಿಗೇ ಬರುತ್ತದೆ.

2024ರ ಜೂನ್ 2ರಂದು ಬೆಂಗಳೂರು ನಗರದಲ್ಲಿ 111.1 ಮಿ.ಮೀ. ಮಳೆಯಾಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಉಳಿದಿದ್ದ ದಾಖಲೆ ಅಂದು ಮುರಿಯಿತು. ಮರಗಳು ಉರುಳಿದವು, ರಸ್ತೆ ಮುಳುಗಿತು. ಹವಾಮಾನದ ಪಟ್ಟಿಯಲ್ಲಿ ಅದು ಯಾವ ಸಾಲಿಗೆ ಬರುತ್ತದೆ ಗೊತ್ತೇ? ಬರೀ ‘ಹೆವಿ’. ‘ವೆರಿ’ ಸಹ ಅಲ್ಲ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ ದಿನದಲ್ಲಿ 131.6 ಮಿ.ಮೀ. ಬಂದಾಗ ಅದು ‘ವೆರಿ ಹೆವಿ’ ಆಯಿತು. ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ ದೃಶ್ಯ ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಆದ್ದರಿಂದ ಬಯಲುಸೀಮೆಯಲ್ಲಿ ಇರುವಾಗ ‘ಹೆವಿ’ ಅನ್ನುವ ಒಂದು ಪದ ಕಂಡರೂ ಸಾಕು, ಮೂಟೆ ಎತ್ತಿ ಮೇಲಿಡಬೇಕು.

‘ಲೈಕ್ಲಿ’ಯೂ ‘ಐಸೊಲೇಟೆಡ್’ಉ

ಶಾಲೆಯಲ್ಲಿ ‘ಲೈಕ್ಲಿ’ ಅಂದರೆ ಬಹುಶಃ ಆಗುತ್ತದೆ ಅಂತ ಕಲಿತಿದ್ದೇವೆ. ಹವಾಮಾನ ಇಲಾಖೆಯ ಪಟ್ಟಿಯಲ್ಲಿ ‘ಲೈಕ್ಲಿ’ ಅಂದರೆ ನೂರರಲ್ಲಿ 25ರಿಂದ 50ರಷ್ಟು ಸಾಧ್ಯತೆ. ‘ವೆರಿ ಲೈಕ್ಲಿ’ ಅಂದರೆ 50ರಿಂದ 75. ‘ಮೋಸ್ಟ್ ಲೈಕ್ಲಿ’ ಅಂದರೆ 75ಕ್ಕಿಂತ ಮೇಲೆ. ‘ಅನ್‌ಲೈಕ್ಲಿ’ ಅಂದರೆ 25ಕ್ಕಿಂತ ಕಡಿಮೆ. ಅಂದರೆ ‘ರೇನ್ ಲೈಕ್ಲಿ’ ಅಂತ ಬರೆದ ದಿನ ಮಳೆ ಬರದೇ ಹೋದರೆ ಹವಾಮಾನದವರು ಸುಳ್ಳು ಹೇಳಿದರು ಅಂತಲ್ಲ. ಬರದೇ ಇರಬಹುದು ಅಂತ ಅವರೇ ಆ ಪದದೊಳಗೆ ಹೇಳಿದ್ದಾರೆ.

ಫೋನಿನ ಆ್ಯಪಿನಲ್ಲಿ ಕಾಣುವ ‘40% ಚಾನ್ಸ್’ ಕೂಡ ಹೀಗೇ. ದಿನದ 40 ಭಾಗ ಮಳೆ ಅಂತ ಅಲ್ಲ, ಜೋರು ಮಳೆ ಅಂತಲೂ ಅಲ್ಲ. ಇಂಥ ಹತ್ತು ದಿನ ಬಂದರೆ ಸುಮಾರು ನಾಲ್ಕು ದಿನ ಮಳೆಯಾಗುತ್ತದೆ, ಆರು ದಿನ ಆಗುವುದಿಲ್ಲ ಅಂತ. ಅಕ್ಕಿ ಹುಡಿಗೆಂದು ಅಕ್ಕಿ ತೊಳೆದು ಟೆರೇಸಿನಲ್ಲಿ ಒಣ ಹಾಕುವವರು ಈ ಲೆಕ್ಕ ನೋಡಿ ಧೈರ್ಯ ಮಾಡಬಹುದು. ಆದರೆ ಶಾಮಿಯಾನ ಹಾಕಿ ನೂರಾರು ಜನಕ್ಕೆ ಊಟ ಇಟ್ಟವರಿಗೆ ಹತ್ತರಲ್ಲಿ ನಾಲ್ಕು ಅಂದರೂ ದೊಡ್ಡದೇ. ಒಂದು ಸೇರು ಅಕ್ಕಿ ನೆನೆಯುವುದೂ ಮದುವೆ ಊಟ ನೆನೆಯುವುದೂ ಒಂದೇ ಅಲ್ಲವಲ್ಲ.

ಇನ್ನು ಎಲ್ಲಿ ಅನ್ನುವ ಪ್ರಶ್ನೆ. ‘ಐಸೊಲೇಟೆಡ್’ ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಕಡೆ, ಕನ್ನಡ ವರದಿಯ ‘ಒಂದೆರಡು ಕಡೆ’. ‘ಸ್ಕ್ಯಾಟರ್ಡ್’ ಅಂದರೆ ಅರ್ಧದ ತನಕ, ‘ಕೆಲವೆಡೆ’. ‘ಫೇರ್ಲಿ ವೈಡ್‌ಸ್ಪ್ರೆಡ್’ ಅಂದರೆ ಮುಕ್ಕಾಲರ ತನಕ, ‘ಹಲವೆಡೆ’. ‘ವೈಡ್‌ಸ್ಪ್ರೆಡ್’ ಅಂದರೆ ಹೆಚ್ಚುಕಡಿಮೆ ಎಲ್ಲ ಕಡೆ.

ಇಲ್ಲಿ ಒಂದು ಗುಟ್ಟು ಇದೆ. ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡುತ್ತದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಮ್ಮ ಬೆಂಗಳೂರು ಗ್ರಾಮಾಂತರ ದಕ್ಷಿಣ ಒಳನಾಡಿಗೆ ಸೇರುತ್ತದೆ. ಆದರೆ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಸಹ ಅದರಲ್ಲೇ ಬರುತ್ತವೆ. ಜುಲೈಯಲ್ಲಿ ‘ಸೌತ್ ಇಂಟೀರಿಯರ್ ಕರ್ನಾಟಕದಲ್ಲಿ ಐಸೊಲೇಟೆಡ್ ಹೆವಿ ರೇನ್’ ಅಂತ ಬಂದರೆ ಆ ಒಂದೆರಡು ಕಡೆ ಹೆಚ್ಚಾಗಿ ಮಲೆನಾಡಿನಲ್ಲಿ ಇರುತ್ತದೆ. ಹೊಸಕೋಟೆಯಲ್ಲಿ ಬಿಸಿಲು ಇರಬಹುದು. ಅದಕ್ಕಾಗಿ ದೊಡ್ಡ ಹೆಡ್ಡಿಂಗ್ ಓದಿ ನಿಲ್ಲಿಸದೆ, ಕೆಳಗೆ ಜಿಲ್ಲೆಯ ಹೆಸರು ಹುಡುಕಬೇಕು. ಟಿ.ವಿ.ಯಲ್ಲಿ ‘ರಾಜ್ಯಕ್ಕೆ ರೆಡ್ ಅಲರ್ಟ್’ ಅಂತ ಓಡಿದರೆ ಮೊದಲ ಪ್ರಶ್ನೆ ‘ಯಾವ ಜಿಲ್ಲೆಗೆ?’ ಅಂತ ಇರಲಿ.

ಬಣ್ಣ ಹೇಳುವುದು ಮಳೆಯನ್ನಲ್ಲ, ಕೆಲಸವನ್ನು

ಹಸಿರು, ಹಳದಿ, ಕಿತ್ತಳೆ, ಕೆಂಪು. ಈ ನಾಲ್ಕು ಬಣ್ಣ ಈಗ ಮಕ್ಕಳ ಬಾಯಲ್ಲೂ ಉಂಟು, ಯಾಕೆಂದರೆ ಶಾಲೆಗೆ ರಜೆ ಸಿಗುವುದು ಅದರ ಮೇಲೆ. ಆದರೆ ಬಣ್ಣದ ಪಕ್ಕದ ಇಂಗ್ಲಿಷ್ ಪದ ಓದುವವರು ಕಡಿಮೆ. ಹಸಿರು ‘ನೋ ವಾರ್ನಿಂಗ್’: ಎಚ್ಚರಿಕೆ ಇಲ್ಲ. ಮಳೆಯೇ ಇಲ್ಲ ಅಂತ ಅದರ ಅರ್ಥ ಅಲ್ಲ. ಹಳದಿ ‘ಬಿ ಅವೇರ್’: ಗಮನ ಇಡಿ, ಮುಂದಿನ ವರದಿ ನೋಡುತ್ತಾ ಇರಿ. ಕಿತ್ತಳೆ ‘ಬಿ ಪ್ರಿಪೇರ್ಡ್’: ತಯಾರಾಗಿರಿ. ಕೆಂಪು ‘ಟೇಕ್ ಆ್ಯಕ್ಷನ್’: ಈಗಲೇ ಮಾಡಬೇಕಾದ್ದು ಮಾಡಿ.

ನಮ್ಮ ಮನೆಯಲ್ಲಿ ಇದಕ್ಕೆ ಒಂದು ಲೆಕ್ಕ ಮಾಡಿಕೊಂಡಿದ್ದೇವೆ. ಹಳದಿ ಬಂದರೆ ಮೂಟೆಗಳು ಹಲಗೆಯ ಮೇಲೆ, ಬಟ್ಟೆ ಒಳಗೆ. ಕಿತ್ತಳೆ ಬಂದರೆ ಫೋನ್ ಮತ್ತು ಟಾರ್ಚ್ ಚಾರ್ಜಿಗೆ, ಅಂಗಡಿ ಮುಂದಿನ ಚರಂಡಿಯ ಕಸ ಹೊರಗೆ, ತಗ್ಗಿನಲ್ಲಿ ನಿಲ್ಲಿಸಿದ ಗಾಡಿ ಎತ್ತರಕ್ಕೆ. ಕೆಂಪು ಬಂದರೆ ಪ್ರಯಾಣ ಇಲ್ಲ. ಮದುವೆಗೂ ಇಲ್ಲ, ತೊಟ್ಟಿಲಿಗೂ ಇಲ್ಲ. ಫೋನಿನಲ್ಲಿ ಸಲಾಂ ಹೇಳಿದರೆ ಆಯಿತು.

ಬಣ್ಣ ಕೊಡುವಾಗ ಬರೀ ಮಿಲಿಮೀಟರ್ ನೋಡುವುದಿಲ್ಲ. ಎಷ್ಟು ಖಾತ್ರಿ, ಆ ಜಾಗಕ್ಕೆ ಎಷ್ಟು ತೊಂದರೆ ಆಗಬಹುದು ಅಂತಲೂ ನೋಡುತ್ತಾರೆ. ಹಾಗಾಗಿ ಅಲ್ಲಿ ಕಿತ್ತಳೆ ಇದ್ದು ಇಲ್ಲಿ ಹಳದಿ ಇದ್ದರೆ ಇಲ್ಲಿ ಆರಾಮ ಅಂತ ಹೋಲಿಸುವುದು ಬೇಡ. ಅವರವರ ಜಿಲ್ಲೆಯ ಬಣ್ಣ ಅವರವರಿಗೆ.

ಊರಿಗೆ ಹೊರಡುವ ಮೊದಲು

ನೆಲಮಂಗಲದಿಂದ ಮಂಗಳೂರಿಗೆ ಹೊರಟರೆ ಕುಣಿಗಲ್, ಹಾಸನ, ಸಕಲೇಶಪುರ, ಶಿರಾಡಿ, ಉಪ್ಪಿನಂಗಡಿ. ಸಕಲೇಶಪುರದ ತನಕ ಹಾಸನ ಜಿಲ್ಲೆ, ಅಂದರೆ ಹವಾಮಾನದ ಲೆಕ್ಕದಲ್ಲಿ ದಕ್ಷಿಣ ಒಳನಾಡು. ಘಾಟಿ ಇಳಿದರೆ ದಕ್ಷಿಣ ಕನ್ನಡ, ಅಂದರೆ ಕರಾವಳಿ. ಒಂದೇ ಪ್ರಯಾಣಕ್ಕೆ ಎರಡು ವರದಿ ಓದಬೇಕು. ಮನೆಯ ಬಾಗಿಲಲ್ಲಿ ಬಿಸಿಲು ನೋಡಿ ಕಾರು ಹತ್ತುವುದು, ಮಾರನಹಳ್ಳಿ ಹತ್ತಿರ ಹೋಗಿ ಸಾಲಿನಲ್ಲಿ ನಿಲ್ಲುವುದು ನಮ್ಮಲ್ಲಿ ಎಷ್ಟು ಮನೆಗೆ ಆಗಿಲ್ಲ?

2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಹೆದ್ದಾರಿ ಬಂದ್ ಆದದ್ದು ನೆನಪಿರಬಹುದು. ಗುಡ್ಡ ಜರಿಯುವುದು ಒಂದು ದಿನದ ಮಳೆಯಿಂದ ಮಾತ್ರ ಅಲ್ಲ, ಮೂರು ನಾಲ್ಕು ದಿನ ಕುಡಿದ ನೀರಿನಿಂದ. ಆದ್ದರಿಂದ ಹೊರಡುವ ದಿನ ‘ಮಾಡರೇಟ್’ ಅಂತ ಇದ್ದರೂ ಹಿಂದಿನ ಎರಡು ಮೂರು ದಿನ ಹಾಸನ ಮತ್ತು ದಕ್ಷಿಣ ಕನ್ನಡಕ್ಕೆ ಕಿತ್ತಳೆ, ಕೆಂಪು ಇತ್ತಾ ಅಂತ ನೋಡಬೇಕು. ಮಕ್ಕಳನ್ನು, ವಯಸ್ಸಾದವರನ್ನು ಕೂರಿಸಿಕೊಂಡು ರಾತ್ರಿ ಘಾಟಿ ಇಳಿಯುವ ಕಥೆ ಅಂಥ ವಾರದಲ್ಲಿ ಬೇಡವೇ ಬೇಡ.

ಕರಾವಳಿಯ ವರದಿಯಲ್ಲಿ ‘ಸ್ಕ್ವಾಲಿ ವೆದರ್’, ‘ಫಿಶರ್‌ಮೆನ್ ಆರ್ ಅಡ್ವೈಸ್ಡ್ ನಾಟ್ ಟು ವೆಂಚರ್’ ಅಂತ ಬರುತ್ತದೆ. ಒಮ್ಮೆಲೇ ಬೀಸುವ ಬಿರುಗಾಳಿ ಇದೆ, ಕಡಲಿಗೆ ಇಳಿಯಬೇಡಿ ಅಂತ. ಅದು ನಮಗಲ್ಲ ಅಂತ ದಾಟಿಸಬಹುದು, ಆದರೆ ಎರಡು ದಿನ ಬಿಟ್ಟು ಹೊಸಕೋಟೆಯಲ್ಲಿ ಬಂಗುಡೆ ಯಾಕೆ ತುಟ್ಟಿ ಅಂತ ಕೇಳುವವರಿಗೆ ಉತ್ತರ ಅಲ್ಲೇ ಇರುತ್ತದೆ.

ಮೂರು ಗಂಟೆಯ ಮಾತು

ಬಯಲುಸೀಮೆಯಲ್ಲಿ ಜೀವಕ್ಕೆ ದೊಡ್ಡ ಅಪಾಯ ಮುಂಗಾರಿನ ಜಡಿಮಳೆಯಲ್ಲ, ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು ಮಳೆ. ಇಂಗ್ಲಿಷಿನಲ್ಲಿ ‘ಥಂಡರ್‌ಸ್ಟಾರ್ಮ್ ವಿತ್ ಲೈಟ್ನಿಂಗ್ ಆ್ಯಂಡ್ ಗಸ್ಟಿ ವಿಂಡ್ಸ್’ ಅಂತ ಬರೆಯುತ್ತಾರೆ. ‘ಗಸ್ಟಿ’ ಅಂದರೆ ಒಂದೇ ಸಮನೆ ಬೀಸುವ ಗಾಳಿಯಲ್ಲ, ತಟ್ಟನೆ ನುಗ್ಗಿ ಬಂದು ಶೀಟು ಹಾರಿಸುವ ಗಾಳಿ. ‘ಹೇಲ್’ ಅಂತ ಇದ್ದರೆ ಆಲಿಕಲ್ಲು. ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟದವರಿಗೆ ಆ ಒಂದು ಪದ ವರ್ಷದ ದುಡಿಮೆಯ ಪ್ರಶ್ನೆ.

ಇಂಥ ಮಳೆಯನ್ನು ವಾರ ಮೊದಲು ಇಂಥ ಊರಿಗೆ ಅಂತ ಹೇಳಲು ಆಗುವುದಿಲ್ಲ. ಅದಕ್ಕಾಗಿ ‘ನೌಕಾಸ್ಟ್’ ಅಂತ ಕೊಡುತ್ತಾರೆ. ‘ನೌ’ ಅಂದರೆ ಈಗ. ಮುಂದಿನ ಮೂರು ಗಂಟೆಗೆ ಮಾತ್ರ ಅನ್ವಯ. ‘ವ್ಯಾಲಿಡ್ ಅಪ್‌ಟು’ ಅಂತ ಅದರ ಮೇಲೆ ಗಂಟೆ ಬರೆದಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಯಾರೋ ಕಳಿಸಿದ ಫೋಟೋ ನಿನ್ನೆಯದೋ, ಹೋದ ವರ್ಷದ್ದೋ ಅಂತ ತಿಳಿಯಲು ನೋಡಬೇಕಾದ್ದು ಅದನ್ನೇ: ‘ಇಶ್ಯೂಡ್’ ಯಾವಾಗ, ‘ವ್ಯಾಲಿಡ್’ ಎಲ್ಲಿಯ ತನಕ. ದಿನಾಂಕ ಇಲ್ಲದ ಅಲರ್ಟನ್ನು ಮುಂದೆ ಕಳಿಸಬೇಡಿ. ಹತ್ತು ಸಲ ಸುಳ್ಳಾದ ಮೇಲೆ ಹನ್ನೊಂದನೇ ನಿಜವನ್ನು ಯಾರೂ ನಂಬುವುದಿಲ್ಲ.

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೆ ಇದೆ ಅಂತ. ಪಕ್ಕಾ ಮನೆಯ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬಾರದು. ಮರದ ಕೆಳಗೆ ಬೈಕ್ ನಿಲ್ಲಿಸಿ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಸಂಜೆ ಟ್ಯೂಷನ್ನಿಗೆ, ಗ್ರೌಂಡಿಗೆ ಹೋಗುವ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿ.

ಬೆಳಗಿನ ಜಾವದ ಮಂಜು

ಡಿಸೆಂಬರ್, ಜನವರಿಯಲ್ಲಿ ವರದಿಯ ಭಾಷೆ ಬದಲಾಗುತ್ತದೆ. ‘ಮಿಸ್ಟ್’, ‘ಫಾಗ್’ ಎರಡನ್ನೂ ನಾವು ಮಂಜು ಅಂತಲೇ ಹೇಳುತ್ತೇವೆ. ಲೆಕ್ಕದಲ್ಲಿ, ಒಂದು ಕಿಲೋಮೀಟರಿಗಿಂತ ದೂರ ಕಾಣುತ್ತಿದ್ದರೆ ಮಿಸ್ಟ್. ಅದಕ್ಕಿಂತ ಕಡಿಮೆ ಕಂಡರೆ ಫಾಗ್. 200 ಮೀಟರಿಗಿಂತ ಕಡಿಮೆಯಾದರೆ ‘ಡೆನ್ಸ್ ಫಾಗ್’. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಬೆಳಗಿನ ಜಾವ ವಿಮಾನ ತಡವಾಗುವುದು ಇದರಿಂದ. ಉಮ್ರಾಕ್ಕೆ ಹೊರಟವರನ್ನು ಬಿಡಲು, ಗಲ್ಫಿನಿಂದ ಬರುವವರನ್ನು ಕರೆತರಲು ಹೋಗುವವರು ಹಿಂದಿನ ರಾತ್ರಿ ಈ ಒಂದು ಪದ ನೋಡಿಕೊಳ್ಳಿ. ಫಾಗ್ ಅಂತ ಇದ್ದರೆ ಒಂದು ಗಂಟೆ ಮೊದಲೇ ಹೊರಡಿ, ಹೆದ್ದಾರಿಯಲ್ಲಿ ಓಡಿಸಿ ಹಿಡಿಯುವ ಲೆಕ್ಕ ಬೇಡ. ಬೆಳಗಿನ ಜಾವ ಹೊಸಕೋಟೆ ಬಿರಿಯಾನಿಗೆ ಕಾರು ತೆಗೆಯುವ ಹುಡುಗರಿಗೂ ಇದೇ ಮಾತು. ಬಿರಿಯಾನಿ ಆರು ಗಂಟೆಗೂ ಸಿಗುತ್ತದೆ.

‘ಪಾರ್ಟ್ಲಿ ಕ್ಲೌಡಿ’, ‘ಜನರಲಿ ಕ್ಲೌಡಿ’ ಅನ್ನುವುದಕ್ಕೂ ಲೆಕ್ಕ ಉಂಟು. ಆಕಾಶವನ್ನು ಎಂಟು ಭಾಗ ಮಾಡಿ, ಮೂರು ನಾಲ್ಕು ಭಾಗ ಮೋಡ ಇದ್ದರೆ ಮೊದಲನೆಯದು, ಐದರಿಂದ ಏಳು ಭಾಗ ಇದ್ದರೆ ಎರಡನೆಯದು. ಎಂಟೂ ಭಾಗ ಮುಚ್ಚಿದರೆ ‘ಓವರ್‌ಕಾಸ್ಟ್’. ಮೋಡ ಅಂದರೆ ಮಳೆ ಅಂತ ಅಲ್ಲ. ಮಳೆ ಇದ್ದರೆ ಪಕ್ಕದಲ್ಲಿ ಬೇರೆಯೇ ಬರೆದಿರುತ್ತಾರೆ.

‘ಮಾನ್ಸೂನ್’ ನಮ್ಮದೇ ಪದ

ಇಷ್ಟೆಲ್ಲ ಇಂಗ್ಲಿಷ್ ನಡುವೆ ಒಂದು ಪದ ಮಾತ್ರ ನಮಗೆ ಹಳೆಯ ನೆಂಟ. ‘ಮಾನ್ಸೂನ್’ ಬಂದದ್ದು ಅರಬಿಯ ‘ಮೌಸಿಂ’ನಿಂದ. ಮೌಸಿಂ ಅಂದರೆ ಋತು, ಕಾಲ. ಗಾಳಿಯ ಕಾಲ ನೋಡಿ ಹಾಯಿ ಬಿಚ್ಚುತ್ತಿದ್ದ ಅರಬ್ ವ್ಯಾಪಾರಿಗಳ ಮಾತು ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಉರ್ದು, ಹಿಂದಿಯ ‘ಮೌಸಂ’ ಕೂಡ ಅದೇ. ಕೇಂದ್ರ ಸರ್ಕಾರದ ಹವಾಮಾನ ಆ್ಯಪಿನ ಹೆಸರೂ ‘ಮೌಸಂ’. ಕಡಲ ವ್ಯಾಪಾರದಿಂದ ಬೆಳೆದ ಬ್ಯಾರಿಗಳ ಹಿರಿಯರಿಗೆ ಈ ಪದ ವ್ಯಾಪಾರದ್ದೂ ಹೌದು, ಜೀವದ್ದೂ ಹೌದು. ಅಂದ ಹಾಗೆ ‘ಫೆಂಗಲ್’ ಅನ್ನುವ ಹೆಸರನ್ನು ಪಟ್ಟಿಗೆ ಕೊಟ್ಟದ್ದು ಸೌದಿ ಅರೇಬಿಯ. ಈ ಭಾಗದ ಚಂಡಮಾರುತಗಳಿಗೆ 13 ದೇಶಗಳು ತಲಾ 13 ಹೆಸರು ಕೊಟ್ಟಿವೆ, ಸರದಿಯ ಪ್ರಕಾರ ಇಡುತ್ತಾರೆ.

ಕನ್ನಡದಲ್ಲೇ ಕೇಳಬಹುದು

ಇಂಗ್ಲಿಷ್ ಬೇಡ ಅನ್ನುವವರಿಗೂ ದಾರಿ ಉಂಟು. ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ನೋಡಿಕೊಳ್ಳುವ ಘಟಕವಾಗಿ ಶುರುವಾದದ್ದು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದೆ. ಅವರ ‘ವರುಣ ಮಿತ್ರ’ ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ ಊರಿನ ಹೆಸರು ಹೇಳಿದರೆ ಕನ್ನಡದಲ್ಲಿ ಮಳೆಯ ಮಾಹಿತಿ ಕೊಡುತ್ತಾರೆ. ಸಿಡಿಲಿಗೆ ಅವರದೇ ‘ಸಿಡಿಲು’ ಆ್ಯಪ್, ಕೇಂದ್ರದ ‘ದಾಮಿನಿ’ ಆ್ಯಪ್. ಬೆಳೆಯವರಿಗೆ ‘ಮೇಘದೂತ್’. ದೊಡ್ಡಬಳ್ಳಾಪುರ ತಾಲೂಕಿನ ಹಾಡೋನಹಳ್ಳಿಯಲ್ಲಿ ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಇದೆ, ರಾಗಿ ಕೊಯ್ಯುವ ಮೊದಲು ಕೇಳಲು.

ಪಕ್ಕದ ಹೊಲದ ಗೌಡರು ಇವತ್ತಿಗೂ ರೋಹಿಣಿ, ಆರಿದ್ರಾ ಅಂತ ಮಳೆಯ ನಕ್ಷತ್ರ ಎಣಿಸುತ್ತಾರೆ. ಒಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಬಿತ್ತನೆಯ ಕಾಲ ತಿಳಿಯಲು ಅದು ಸಾಕು. ಇವತ್ತು ಸಂಜೆ ಕಣದಲ್ಲಿ ರಾಗಿ ಹರಡಬಹುದೇ ಅಂತ ತಿಳಿಯಲು ಸಾಲದು. ಅದಕ್ಕೆ ಅವರೂ ಈಗ ನಮ್ಮ ಅಂಗಡಿಗೆ ಬಂದು ಕೇಳುತ್ತಾರೆ, ‘ಸಾಬ್ರೇ, ಫೋನಲ್ಲಿ ಏನಂತೆ?’

ಹುಡುಗ ಈಗ ಹತ್ತನೇ ಕ್ಲಾಸು ದಾಟಿದ್ದಾನೆ. ಮೊದಲಿನ ಹಾಗೆ ಒಂದೇ ಸಾಲು ಓದಿ ಫೋನ್ ಕೆಳಗಿಡುವುದಿಲ್ಲ. ಯಾವ ಜಿಲ್ಲೆ, ಎಷ್ಟು ಮಿ.ಮೀ., ಎಷ್ಟು ಖಾತ್ರಿ, ಎಷ್ಟು ಗಂಟೆಯ ತನಕ ಅಂತ ನಾಲ್ಕನ್ನೂ ಹೇಳುತ್ತಾನೆ. ನಾವು ಆ ನಾಲ್ಕು ಪ್ರಶ್ನೆಯನ್ನು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದೇವೆ. ನಿಮ್ಮ ಮನೆಯ ಫ್ರಿಜ್ಜಿನ ಮೇಲೂ ಒಂದು ಅಂಟಿಸಿ. ಮಳೆ ತರುವುದು ನಮ್ಮ ಕೈಯಲ್ಲಿಲ್ಲ, ಮೂಟೆ ಎತ್ತಿ ಇಡುವುದು ನಮ್ಮ ಕೈಯಲ್ಲೇ ಇದೆ. ಇನ್ಶಾ ಅಲ್ಲಾಹ್, ಈ ವರ್ಷ ನಮ್ಮ ಯಾರ ಅಂಗಡಿಯಲ್ಲೂ ಈರುಳ್ಳಿ ನೆನೆಯದಿರಲಿ.